ಗಿಟಕು, ಟವೆಲ್ಲು ಮತ್ತು ಎನ್‌ಎಫ್‌ಟಿ: ಮಾರುಕಟ್ಟೆಯ ಒಳಮಾತಿನ ಚರಿತ್ರೆ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯ ತೋಟಗಳಿಂದ ತಿಪಟೂರಿನ ಮಾರುಕಟ್ಟೆಗೆ ಸಾಗುವ ಕೊಬ್ಬರಿಗೆ ತನ್ನದೇ ಆದ ಪರಿಭಾಷೆಯಿದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ 10–12 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದಾಗ ಲೊಟಲೊಟ ಸದ್ದು ಮಾಡುವ ಗಿಟಕಾಗುತ್ತದೆ. ಸುಲಿದು, ಚಿಪ್ಪು ಒಡೆದು ಇಡಿಯಾಗಿ ತೆಗೆದದ್ದು ಉಂಡೆ ಕೊಬ್ಬರಿ, ಒಡೆದುಹೋದದ್ದು ಹೋಳು, ಕೆಟ್ಟು ಎಣ್ಣೆಗಷ್ಟೇ ಸಲ್ಲುವುದು ಕೌಟು. ಈ ಮಾತುಗಳು ಹೊರಗಿನವರಿಗೆ ತಿಳಿಯದಿರಬಹುದಾದರೂ, ಅನುಮಾನ ಬಂದವರು ಕಾಯನ್ನು ಕಿವಿಯ ಬಳಿ ಅಲುಗಿಸಿ ನೋಡಬಹುದು.

ಇದಕ್ಕಿಂತ ಗೂಢವಾದದ್ದು ದನದ ಜಾತ್ರೆಗಳ ವ್ಯಾಪಾರ. ಕೊಳ್ಳುವವರು ಮತ್ತು ಮಾರುವವರು, ಅಥವಾ ಅವರ ಪರವಾಗಿ ದಲ್ಲಾಳಿಗಳು, ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು, ಎಷ್ಟು ಬೆರಳು ಅದುಮಿದರು ಎಂಬುದರಿಂದಲೇ ಬೆಲೆ ಹೇಳಿ, ಬೆಲೆ ಇಳಿಸಿ, ಕೊನೆಗೆ ಒಪ್ಪಿಕೊಳ್ಳುತ್ತಿದ್ದರು. ಸುತ್ತ ನಿಂತವರಿಗೆ ಬೆಲೆ ಮುಚ್ಚಿಟ್ಟ ಗುಟ್ಟಾಗಿತ್ತೇ ಹೊರತು ಎತ್ತು ಮುಚ್ಚಿಟ್ಟದ್ದಾಗಿರಲಿಲ್ಲ. ಅದರ ಹಲ್ಲು, ಸುಳಿ, ನಡಿಗೆ ಎಲ್ಲವೂ ಹಗಲಿನಲ್ಲಿಯೇ ಪರೀಕ್ಷೆಗೆ ಒಳಗಾಗುತ್ತಿದ್ದವು. ಒಳಮಾತು ವ್ಯಾಪಾರದ ಹುಟ್ಟುಗುಣವೆಂಬುದನ್ನು ಈ ಎರಡು ರೂಢಿಗಳು ತೋರಿಸುತ್ತವೆ, ಮತ್ತು ಅದನ್ನು ಮೋಸವೆಂದು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯವಾಗುತ್ತದೆ.

ಎನ್‌ಎಫ್‌ಟಿ, ಅಂದರೆ ನಾನ್ ಫಂಜಿಬಲ್ ಟೋಕನ್, ಬಂದಾಗ ಪರಿಸ್ಥಿತಿ ಬೇರೆಯಾಯಿತು. ಒಂದೇ ದರ್ಜೆಯ ಒಂದು ಕ್ವಿಂಟಾಲ್ ಕೊಬ್ಬರಿಗೆ ಇನ್ನೊಂದು ಕ್ವಿಂಟಾಲನ್ನು ಬದಲಿಗೆ ಕೊಡಬಹುದು. ಹಾಗೆ ಬದಲಿಸಲಾಗದ, ಪ್ರತಿಯೊಂದೂ ಬೇರೆಯೇ ಆದ ಗುರುತನ್ನು ಬ್ಲಾಕ್‌ಚೈನ್ ಎಂಬ ಹಂಚಿಕೆಯ ದಾಖಲೆಪುಸ್ತಕದಲ್ಲಿ ನಮೂದಿಸುವುದೇ ಇದರ ತಿರುಳು. ನಮೂದಿಸುವುದಕ್ಕೆ ‘ಮಿಂಟ್’, ಆ ಕೆಲಸದ ಶುಲ್ಕಕ್ಕೆ ‘ಗ್ಯಾಸ್’, ಒಂದು ಗುಂಪಿನ ಟೋಕನ್‌ಗಳ ಕನಿಷ್ಠ ಬೆಲೆಗೆ ‘ಫ್ಲೋರ್’, ಹಣ ಸಂಗ್ರಹಿಸಿದವರು ಪರಾರಿಯಾಗುವುದಕ್ಕೆ ‘ರಗ್ ಪುಲ್’ ಎಂಬ ಹೆಸರುಗಳಾದವು. ಮಾರದೆ ಇಟ್ಟುಕೊಳ್ಳುವುದನ್ನು ಸೂಚಿಸುವ ‘ಹೋಡ್ಲ್’ 2013ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಬಳಗದ ಒಬ್ಬರು ಮಾಡಿದ ಅಕ್ಷರದೋಷದಿಂದ ಹುಟ್ಟಿತು. 2021ರ ಮಾರ್ಚ್ 11ರಂದು ಬೀಪಲ್ ಎಂಬ ಕಲಾವಿದರ ಡಿಜಿಟಲ್ ಚಿತ್ರದ ಟೋಕನ್ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 6.93 ಕೋಟಿ ಡಾಲರಿಗೆ ಹೋದ ಮೇಲೆ ಈ ಪದಗಳು ಮನೆಮನೆಯ ಮೊಬೈಲಿಗೂ ತಲುಪಿದವು.

ನಗೆಯೂ ಕೂಡಲೇ ಹಿಂಬಾಲಿಸಿತು. ಅದೇ ಮಾರ್ಚ್ 27ರಂದು ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ, ಆಗಿನ ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್ ಅವರ ಪಾತ್ರದ ಎದುರು ತರಗತಿಯಲ್ಲಿ ಎನ್‌ಎಫ್‌ಟಿ ಎಂದರೇನೆಂದು ಕೇಳುವ ಅಣಕುಹಾಡು ಪ್ರಸಾರವಾಯಿತು. ಇದಕ್ಕಿಂತ ಹರಿತವಾದದ್ದು ‘ರೈಟ್ ಕ್ಲಿಕ್ ಮಾಡಿ ಉಳಿಸಿಕೊಂಡರಾಯಿತು’ ಎಂಬ ಚಿಕ್ಕ ಮಾತು. ಕೋಟಿ ಕೊಟ್ಟವರ ಚಿತ್ರವನ್ನು ಯಾರಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದೆಂಬ ಈ ಚೇಷ್ಟೆಯಲ್ಲಿ ನಿಜವಾದ ಪ್ರಶ್ನೆಯೇ ಅಡಗಿತ್ತು: ಟೋಕನ್ ಸಾಮಾನ್ಯವಾಗಿ ಚಿತ್ರ ಬೇರೆಲ್ಲೋ ಇರುವ ವಿಳಾಸವನ್ನಷ್ಟೇ ಸೂಚಿಸುತ್ತದೆ, ಪ್ರತ್ಯೇಕವಾಗಿ ಬರೆದುಕೊಡದ ಹೊರತು ಕೃತಿಸ್ವಾಮ್ಯವೂ ಕೊಂಡವರಿಗೆ ಸೇರುವುದಿಲ್ಲ. ಪದಗಳು ಕಠಿಣವಾಗಿದ್ದವೆಂಬುದಕ್ಕಿಂತ, ಅವುಗಳ ಹಿಂದೆ ಅಲುಗಿಸಿ ನೋಡಲು ಏನೂ ಸಿಗಲಿಲ್ಲವೆಂಬುದರಿಂದಲೇ ಜನ ನಕ್ಕರು. ಆ ನಗೆ ತಿಳಿವಳಿಕೆಯ ಕೊರತೆಯಿಂದ ಬಂದದ್ದೆಂಬ ಸಮರ್ಥನೆ ಒಪ್ಪತಕ್ಕದ್ದಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನು ತನ್ನ ರೀತಿಯಲ್ಲಿ ಉತ್ತರಿಸಿತು. 2022ರ ಫೆಬ್ರುವರಿ 1ರ ಬಜೆಟ್, ಬಿಟ್‌ಕಾಯಿನ್‌ನಂಥ ವರ್ಚುವಲ್ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇಕಡಾ 30ರ ತೆರಿಗೆ ಹಾಕಿತು. ಜೂನ್ 30ರ ಅಧಿಸೂಚನೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಎನ್‌ಎಫ್‌ಟಿಗಳನ್ನೂ ಆ ಸಾಲಿಗೆ ಸೇರಿಸುವಾಗ, ಟೋಕನ್ ಜೊತೆಗೆ ಕೈಗೆ ಸಿಗುವ ವಸ್ತುವಿನ ಒಡೆತನವೂ ಕಾನೂನುಬದ್ಧವಾಗಿ ವರ್ಗಾವಣೆಯಾಗುವಂಥವುಗಳನ್ನು ಹೊರಗಿಟ್ಟಿತು. ಕೈಗೆ ಸಿಗುವ ವಸ್ತುವಿನ ಬೆಂಬಲವಿರುವ ಇಂಥ ದಾಖಲೆ ಹೊಸದೇನಲ್ಲ: ಉಗ್ರಾಣದಲ್ಲಿಟ್ಟ ಬೆಳೆಗೆ ಪ್ರತಿಯಾಗಿ ಸಿಗುವ, ಸಾಲಕ್ಕೆ ಆಧಾರವಾಗಿಡಬಹುದಾದ ವಿದ್ಯುನ್ಮಾನ ರಸೀದಿಗಳು ದೇಶದಲ್ಲಿ 2017ರಿಂದಲೇ ಜಾರಿಯಲ್ಲಿವೆ. ಅವುಗಳ ಹೆಸರೂ ಅಷ್ಟೇ ಉದ್ದವಾಗಿದೆ, ಆದರೆ ರಸೀದಿ ಹಿಡಿದವರು ಉಗ್ರಾಣದ ಬಾಗಿಲಿಗೆ ಹೋಗಿ ಚೀಲಗಳನ್ನು ಎಣಿಸಿ ತರಬಹುದು.