ಹೆಪ್ಪಿಗೆ ಮೊಸರು ಬೇಕು - ಒಂದು ಕಂಪೈಲರ್ ಪುರಾಣ

ಮೊನ್ನೆ ಭಾನುವಾರ ಸಜ್ಜದ ಮೇಲಿನ ಹಳೇ ಪೆಟ್ಟಿಗೆ ಇಳಿಸಿ ಧೂಳು ಹೊಡೆಯುತ್ತಿದ್ದಾಗ ಇನ್ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಒಳಗೆಲ್ಲ ನನ್ನದೇ ಕಾಗೆಕಾಲು ಗುಬ್ಬಿಕಾಲು ಅಕ್ಷರ. ಲಿನಕ್ಸ್ ಕಮಾಂಡುಗಳು, ಪೂರ್ತಿ ಬರೆದುಕೊಂಡ ಎರರ್ ಸಂದೇಶಗಳು, ಪಕ್ಕದಲ್ಲಿ ಹಾಲಿನ ಲೆಕ್ಕ. ಒಂದು ಪುಟದ ನೆತ್ತಿಯ ಮೇಲೆ ದಪ್ಪಗೆ "ಹಳೇ ಜಿಸಿಸಿ ತೆಗೀಬೇಡ!!!" ಅಂತ ಬರೆದು ಮೂರು ಸಲ ಅಡಿಗೆರೆ ಎಳೆದಿದ್ದೆ.

ನೋಡಿ ನಗು ಬಂತು. ಆವತ್ತು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಆ ಗೆರೆಗಳ ಹಿಂದಿನ ಕಥೆಯನ್ನು, ಅದರ ಜೊತೆಗೆ ಜಿಸಿಸಿಯ ಚರಿತ್ರೆಯನ್ನೂ ಸ್ವಲ್ಪ ಹೇಳೋಣ ಅನ್ನಿಸಿತು. ಗಣಕದ ಗಂಧವಿಲ್ಲದವರೂ ಓದಬಹುದು, ಹೆದರಬೇಡಿ :-)

ಮೊದಲು ಕಂಪೈಲರ್ ಅಂದರೇನು? ನಾವು ಬರೆದ ಪ್ರೋಗ್ರಾಮನ್ನು, ಅಂದರೆ ಮೂಲ ಆಕರವನ್ನು, ಗಣಕಕ್ಕೆ ಅರ್ಥವಾಗುವ ಸೊನ್ನೆ-ಒಂದುಗಳ ಭಾಷೆಗೆ ತಿರುಗಿಸುವ ಇನ್ನೊಂದು ಪ್ರೋಗ್ರಾಮು. ಲಿನಕ್ಸ್ ಲೋಕದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಜಿಸಿಸಿ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. ಜಿಸಿಸಿಯ ಮೊದಲ ಬೀಟಾ ಹೊರಬಂದದ್ದು 1987ರ ಮಾರ್ಚ್ 22ರಂದು. ತಮಾಷೆ ಏನೆಂದರೆ ಜಿಸಿಸಿಯೂ ಒಂದು ಪ್ರೋಗ್ರಾಮೇ. ಅದನ್ನು ಬರೆದದ್ದು ಸಿ ಭಾಷೆಯಲ್ಲಿ. ಹಾಗಾದರೆ ಅದನ್ನು ಕಂಪೈಲ್ ಮಾಡುವವರು ಯಾರು? ಯೂನಿಕ್ಸ್ ಗಣಕಗಳಲ್ಲಿ ಮೊದಲೇ ಇದ್ದ ಬೇರೆಯವರ ಸಿ ಕಂಪೈಲರ್.

ಅಮ್ಮ ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ನೆನಪಿಸಿಕೊಳ್ಳಿ. ಮೊಸರಾಗಲು ಮೊಸರೇ ಬೇಕು. ನಿನ್ನೆಯದು ಒಂದು ಚಮಚ ಉಳಿದಿಲ್ಲ ಅಂದರೆ ಲೋಟ ಹಿಡಿದು ಪಕ್ಕದ ಮನೆಗೆ ಹೋಗಬೇಕು. ಕಂಪೈಲರ್ ವಿಷಯವೂ ಅಷ್ಟೇ. ಹೊಸ ಜಿಸಿಸಿ ಕಟ್ಟುವಾಗ ಪದ್ಧತಿಯಂತೆ ಮೂರು ಸುತ್ತು ನಡೆಯುತ್ತದೆ. ಹಳೆಯ ಕಂಪೈಲರ್‌ನಿಂದ ಒಂದು ಹೊಸದು, ಆ ಹೊಸದರಿಂದ ಮತ್ತೊಂದು, ಅದರಿಂದ ಮೂರನೆಯದು. ಕೊನೆಗೆ ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡುತ್ತಾರೆ. ಎರಡೂ ಒಂದೇ ಆಗಿದ್ದರೆ ಹೆಪ್ಪು ಸರಿಯಾಗಿ ಕೂತಿದೆ ಎಂದು ಅರ್ಥ.

ಇನ್ನು ಜೆಂಟೂ. ಡೇನಿಯಲ್ ರಾಬಿನ್ಸ್ ಎಂಬಾತ ಮೊದಲು ಇನಾಕ್ ಎಂಬ ಹೆಸರಿನಲ್ಲಿ ಶುರುಮಾಡಿದ ಲಿನಕ್ಸ್ ವಿತರಣೆ ಇದು. ನಡುವೆ ಆತ ಕೆಲಕಾಲ ಫ್ರೀಬಿಎಸ್‌ಡಿ ಬಳಸಿ, ಅಲ್ಲಿನ ಪೋರ್ಟ್ಸ್ ವ್ಯವಸ್ಥೆಗೆ ಮನಸೋತು, ಅದೇ ಜಾಡಿನಲ್ಲಿ ಪೋರ್ಟೇಜ್ ರೂಪಿಸಿದರು. ಜೆಂಟೂ 1.0 ಬಂದದ್ದು 2002ರ ಮಾರ್ಚ್ 31ರಂದು. ವೇಗವಾಗಿ ಈಜುವ ಒಂದು ಜಾತಿಯ ಪೆಂಗ್ವಿನ್‌ನ ಹೆಸರು ಅದು. ಬೇರೆ ವಿತರಣೆಗಳಲ್ಲಿ ತಯಾರಾದ ಊಟ ಬಡಿಸುತ್ತಿದ್ದರೆ ಇಲ್ಲಿ ಅಕ್ಕಿ, ಬೇಳೆ, ಸೌದೆ ಕೊಟ್ಟು "ನೀವೇ ಮಾಡಿಕೊಳ್ಳಿ" ಅನ್ನುತ್ತಿದ್ದರು. 'ಎಮರ್ಜ್' ಅಂತ ಕಮಾಂಡು ಕೊಟ್ಟರೆ ಆಕರ ಇಳಿಸಿಕೊಂಡು ನಿಮ್ಮ ಗಣಕದಲ್ಲೇ, ನಿಮ್ಮ ಪ್ರೊಸೆಸರ್‌ಗೆ ತಕ್ಕಂತೆ ಕಂಪೈಲ್ ಮಾಡುತ್ತಿತ್ತು. ಕೆಡಿಇ ಕಟ್ಟಲು ನನ್ನ ಪೆಂಟಿಯಂಗೆ ಒಂದಿಡೀ ರಾತ್ರಿ ಸಾಲುತ್ತಿರಲಿಲ್ಲ. ನಡುವೆ ಕರೆಂಟು ಹೋಗದಿದ್ದರೆ ಪುಣ್ಯ!

ಆಗ ನಾನು ಬೆಂಗಳೂರಿನಲ್ಲಿ ಎಂ.ಟೆಕ್. ಮಾಡುತ್ತಿದ್ದೆ. ಇಬ್ಬರು ಸೇರಿ ಒಂದು ರೂಮು, ಒಂದೇ ಗಣಕ. 2005ರ ಕೊನೆ. ಜಿಸಿಸಿ 3.3ರಿಂದ 3.4ಕ್ಕೆ ಏರುವ ಉಮೇದು. ಹೊಸದು ಕಂಪೈಲ್ ಆಯಿತು, ಅದನ್ನೇ ಮುಖ್ಯ ಕಂಪೈಲರ್ ಎಂದು ಆರಿಸಿದ್ದೂ ಆಯಿತು. ಡಿಸ್ಕಿನಲ್ಲಿ ಜಾಗ ಕಡಿಮೆ ಇತ್ತು. ಹೇಗೂ ಹೊಸದು ಬಂತಲ್ಲ, ಹಳೆಯದು ಯಾಕೆ ಅಂತ 3.3 ಅನ್ನು ಕಿತ್ತು ಹಾಕಿದೆ. ಬೀಳ್ಕೊಡುವ ಮೊದಲು ಎಚ್ಚರಿಕೆ ಇರಲಿ ಎಂದು ಕೈಪಿಡಿಯಲ್ಲಿ ಬರೆದಿದ್ದರು. ಓದುವ ತಾಳ್ಮೆ ನನಗಿರಲಿಲ್ಲ.

ರೀಬೂಟ್ ಮಾಡಿದರೆ ಕೆಡಿಇ ಏಳಲೇ ಇಲ್ಲ. ಕಪ್ಪು ಪರದೆ. "ಸಿ++ನ ಸ್ಟ್ಯಾಂಡರ್ಡ್ ಲೈಬ್ರರಿಯ ಐದನೇ ನಂಬರಿನ ಕಡತ ಸಿಗುತ್ತಿಲ್ಲ" ಎಂಬ ಅರ್ಥದ ಒಂದು ಸಾಲು. ಸರಿ, 3.3 ಅನ್ನೇ ಮತ್ತೆ ಹಾಕೋಣ ಎಂದು ಎಮರ್ಜ್ ಅಂದೆ. ಅದಕ್ಕೂ ಅದೇ ಸಾಲು! ಎಮರ್ಜ್ ಬರೆದಿರುವುದು ಪೈಥಾನ್‌ನಲ್ಲಿ. ನನ್ನ ಗಣಕದ ಪೈಥಾನ್ ಆ ಸಿ++ ಲೈಬ್ರರಿಗೆ ತಳುಕು ಹಾಕಿಕೊಂಡಿತ್ತು. ಲೈಬ್ರರಿ ಇದ್ದದ್ದು ಹಳೇ ಜಿಸಿಸಿಯ ಫೋಲ್ಡರಿನಲ್ಲಿ. ಆ ಫೋಲ್ಡರನ್ನು ನಾನೇ ಕೈಯಾರೆ ಅಳಿಸಿದ್ದೆ. ಅಂದರೆ ರಿಪೇರಿ ಮಾಡುವ ಸಾಮಾನೇ ರಿಪೇರಿಗೆ ಬಂದಿತ್ತು. ಸೋಮವಾರ ಪ್ರಾಜೆಕ್ಟ್ ವರದಿ ಕೊಡಬೇಕು, ಆವತ್ತು ಶುಕ್ರವಾರ ರಾತ್ರಿ. ವರದಿ ಡಿಸ್ಕಿನಲ್ಲಿ ಭದ್ರವಾಗಿದೆ ಅಂತ ಗೊತ್ತು. ಆದರೆ ಅದರಲ್ಲಿ ತೋರಿಸಬೇಕಾದ ನನ್ನ ಸಿ++ ಪ್ರೋಗ್ರಾಮೂ ಓಡುತ್ತಿಲ್ಲ.

ರೂಮ್‌ಮೇಟ್ ಹೊದಿಕೆಯೊಳಗಿಂದಲೇ ಕೇಳಿದ: "ಅಲ್ಲಯ್ಯಾ, ಎಲ್ರ ಥರ ಸುಮ್ನೆ ಫೆಡೋರಾ ಹಾಕ್ಕೊಳ್ಳೋಕೆ ನಿಂಗೇನೋ ಕಷ್ಟ?" ಉತ್ತರ ಇರಲಿಲ್ಲ.

ಹೀಗೇಕಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕದಲ್ಲಿ ಜಿಸಿಸಿಯ ಬೆಳವಣಿಗೆ ನಿಧಾನ ಎಂದು ಹಲವರಿಗೆ ಬೇಸರವಾಗಿ, 1997ರಲ್ಲಿ ಎಗ್ಸ್ (ಇಜಿಸಿಎಸ್) ಎಂಬ ಕವಲು ಒಡೆಯಿತು. ಸಿ++ ಬೆಂಬಲ ಅಲ್ಲಿ ಚುರುಕಾಗಿ ಸುಧಾರಿಸಿತು. ಕೊನೆಗೆ 1999ರ ಏಪ್ರಿಲ್‌ನಲ್ಲಿ ಆ ಕವಲನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡರು. ಬೇರೆಯಾದ ತಮ್ಮ ಮರಳಿ ಬಂದು ಮನೆಯ ಯಜಮಾನಿಕೆ ವಹಿಸಿಕೊಂಡ ಹಾಗೆ. ಅದೇ ವರ್ಷ ಜುಲೈನಲ್ಲಿ 2.95 ಬಂತು. 2000ದಲ್ಲಿ ರೆಡ್ ಹ್ಯಾಟ್ ತನ್ನ ಲಿನಕ್ಸ್ 7ರಲ್ಲಿ 2.96 ಎಂಬ ಆವೃತ್ತಿ ಕೊಟ್ಟಿತು. ಅದು ನಮ್ಮ ಅಧಿಕೃತ ಬಿಡುಗಡೆ ಅಲ್ಲ, ಅದರ ಸಿ++ ಕಡತಗಳು 2.95ರ ಜೊತೆಗೂ ಮುಂಬರುವ 3.0 ಜೊತೆಗೂ ಹೊಂದುವುದಿಲ್ಲ ಎಂದು ಜಿಸಿಸಿಯ ಸಮಿತಿ ಆ ಅಕ್ಟೋಬರ್‌ನಲ್ಲಿ ಹೇಳಿಕೆ ಕೊಡಬೇಕಾಯಿತು.

ಈ 'ಹೊಂದುವುದು' ಅಂದರೇನು? ಸಿ++ನಲ್ಲಿ ಒಂದೇ ಹೆಸರಿನ ಎರಡು ಮೂರು ಫಂಕ್ಷನ್ ಇರಬಹುದು. ಒಂದು ಪೂರ್ಣಾಂಕ ಕೂಡಿಸುತ್ತದೆ, ಇನ್ನೊಂದು ದಶಾಂಶ. ಗೊಂದಲವಾಗದಿರಲಿ ಎಂದು ಕಂಪೈಲರ್ ಒಳಗೊಳಗೇ ಹೆಸರಿಗೆ ಬಾಲ ಸೇರಿಸುತ್ತದೆ. ನಮ್ಮೂರಲ್ಲಿ ನಾಲ್ಕು ಜನ ರಾಮಣ್ಣ ಇದ್ದರೆ ಅಂಗಡಿ ರಾಮಣ್ಣ, ಮೇಷ್ಟ್ರು ರಾಮಣ್ಣ ಅನ್ನುವ ಹಾಗೆ. ಬಾಲ ಹೇಗೆ ಸೇರಿಸಬೇಕು, ನೆನಪಿನಲ್ಲಿ ಯಾವುದನ್ನು ಎಲ್ಲಿಡಬೇಕು ಎಂಬ ಈ ಕರಾರಿಗೆ ಎಬಿಐ ಅನ್ನುತ್ತಾರೆ. ಆಕರದಲ್ಲಿ ಇದು ಕಾಣುವುದಿಲ್ಲ. ಕಂಪೈಲ್ ಆದ ಮೇಲಷ್ಟೇ ಇರುವುದು. ಕಂಪೈಲರ್ ಈ ಕರಾರು ಬದಲಿಸಿದರೆ ಹಳೆಯ ಲೈಬ್ರರಿಯೂ ಹೊಸ ಪ್ರೋಗ್ರಾಮೂ ಒಬ್ಬರನ್ನೊಬ್ಬರು ಗುರುತೇ ಹಿಡಿಯುವುದಿಲ್ಲ.

2001ರ ಜೂನ್‌ನ 3.0 ಇಡೀ ಕರಾರನ್ನೇ ಹೊಸದಾಗಿ ಬರೆಯಿತು. ಅದರಲ್ಲಿದ್ದ ತಪ್ಪು ತಿದ್ದಲು 2002ರ ಆಗಸ್ಟ್‌ನ 3.2 ಮತ್ತೆ ಬದಲಿಸಿತು. 2004ರ ಏಪ್ರಿಲ್‌ನ 3.4ರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ನಂಬರು ಐದರಿಂದ ಆರಕ್ಕೆ ಏರಿತು. ನಾನು ಮುಗ್ಗರಿಸಿದ್ದು ಈ ಕೊನೆಯ ಮೆಟ್ಟಿಲಲ್ಲಿ. ಬೇರೆ ವಿತರಣೆಗಳವರು ಮನೆಯೊಳಗೇ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ ಸಿಡಿ ಕೊಡುತ್ತಿದ್ದರು. ಬಳಸುವವರಿಗೆ ಈ ಗಲಾಟೆಯ ಸದ್ದೇ ಕೇಳುತ್ತಿರಲಿಲ್ಲ. ಜೆಂಟೂದಲ್ಲಿ ಆ ಕೆಲಸ ಪ್ರತಿಯೊಬ್ಬನ ರೂಮಿನಲ್ಲೂ ನಡೆಯಬೇಕಿತ್ತು.

ಶನಿವಾರ ಬೆಳಿಗ್ಗೆ ದಾರಿ ಹೊಳೆಯಿತು. ಡ್ರಾಯರಿನಲ್ಲಿ ಇನ್‌ಸ್ಟಾಲ್ ಮಾಡಲು ಬಳಸಿದ್ದ ಹಳೇ ಲೈವ್ ಸಿಡಿ ಇತ್ತು. ಅದರಿಂದ ಬೂಟ್ ಮಾಡಿ ನನ್ನ ಡಿಸ್ಕನ್ನು ಮೌಂಟ್ ಮಾಡಿದೆ. ಸಿಡಿಯಲ್ಲಿದ್ದ ಐದನೇ ನಂಬರಿನ ಲೈಬ್ರರಿಯನ್ನು ನನ್ನ ಡಿಸ್ಕಿಗೆ ನಕಲು ಮಾಡಿ, ಕ್ರೂಟ್ ಮಾಡಿ ಒಳಹೊಕ್ಕು ಪೈಥಾನ್ ಅಂದೆ. ಎದ್ದಿತು! ಪಕ್ಕದ ಮನೆಯಿಂದ ತಂದ ಒಂದು ಚಮಚ ಮೊಸರು ಅಷ್ಟೇ ಅದು.

ಆಮೇಲೂ ಸಲೀಸಾಗಲಿಲ್ಲ. ಲಿಬ್‌ಟೂಲ್ ಎಂಬ ಸಲಕರಣೆ ಪ್ರತಿ ಲೈಬ್ರರಿಯ ಜೊತೆ ಒಂದು ಸಣ್ಣ ಚೀಟಿ ಕಡತ ಇಡುತ್ತಿತ್ತು. ಅದರಲ್ಲಿ 3.3ರ ಫೋಲ್ಡರಿನ ವಿಳಾಸ ಹಾಗೇ ಇತ್ತು. ಮನೆ ಖಾಲಿ ಮಾಡಿ ಹೋದವರ ಹಳೇ ವಿಳಾಸಕ್ಕೆ ಕಾಗದ ಹಾಕಿದ ಹಾಗೆ ಒಂದೊಂದೇ ಪ್ಯಾಕೇಜು ಮುಗ್ಗರಿಸುತ್ತಿತ್ತು. ಆ ಚೀಟಿಗಳನ್ನು ತಿದ್ದಲೆಂದೇ ಜೆಂಟೂದಲ್ಲಿ ಒಂದು ಸ್ಕ್ರಿಪ್ಟ್ ಇತ್ತು. ಅದನ್ನು ಓಡಿಸಿ, ಲಿಬ್‌ಟೂಲ್ ಮತ್ತು ಪೈಥಾನ್ ಮೊದಲು ಕಟ್ಟಿ, ಆಮೇಲೆ ಉಳಿದದ್ದಕ್ಕೆ ಕೈಹಾಕಿದೆ.

ರಾತ್ರಿ ಮತ್ತೊಂದು ಕಾಟ. ಕಂಪೈಲ್ ನಡುವೆ 'ಸಿಗ್ನಲ್ 11' ಎಂದು ಜಿಸಿಸಿಯೇ ಸತ್ತುಬೀಳತೊಡಗಿತು. ಇದಕ್ಕೊಂದು ಹಳೆಯ ಸೂತ್ರವಿದೆ, ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಮತ್ತೆ ಓಡಿಸಿದಾಗ ಅದೇ ಸಾಲಿನಲ್ಲಿ ನಿಂತರೆ ತಪ್ಪು ತಂತ್ರಾಂಶದ್ದು, ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಯಂತ್ರದ್ದು. ನನ್ನದು ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಡಬ್ಬ ಬಿಚ್ಚಿ ನೋಡಿದರೆ ಪ್ರೊಸೆಸರ್ ಫ್ಯಾನಿನಲ್ಲಿ ಬೆರಳು ದಪ್ಪ ಧೂಳು! ಕ್ಲೀನು ಮಾಡಿ, ಡಬ್ಬಕ್ಕೆ ರೂಮಿನ ಟೇಬಲ್ ಫ್ಯಾನ್ ತಿರುಗಿಸಿಟ್ಟೆವು. ರೂಮ್‌ಮೇಟ್ ಸೊಳ್ಳೆ ಕಚ್ಚಿಸಿಕೊಂಡು ಮಲಗಿದ. ಪಾಪ, ಅವನಿಗೆ ಈ ಬರಹದ ಮೂಲಕ ಕ್ಷಮೆ.

ಸೋಮವಾರ ಬೆಳಗಿನ ಜಾವಕ್ಕೆ ನನ್ನ ಪ್ರೋಗ್ರಾಮು ಓಡಿತು. ವರದಿ ಕೊಟ್ಟೆ. ಕೆಡಿಇ ಪೂರ್ತಿ ಎದ್ದದ್ದು ಬುಧವಾರ.

ಆಮೇಲಿನ ವರ್ಷಗಳಲ್ಲಿ ಎಲ್ಲರೂ ಪಾಠ ಕಲಿತರು. 2015ರ ಏಪ್ರಿಲ್‌ನ ಜಿಸಿಸಿ 5.1ರಲ್ಲಿ ಸಿ++ ಸ್ಟ್ರಿಂಗ್‌ನ ಒಳರಚನೆ ಬದಲಾಯಿತು. ಆದರೆ ಲೈಬ್ರರಿಯ ನಂಬರು ಆರೇ ಉಳಿಯಿತು. ಹಳೆಯದನ್ನೂ ಹೊಸದನ್ನೂ ಒಂದೇ ಲೈಬ್ರರಿಯಲ್ಲಿ ಜೊತೆಗಿಟ್ಟರು. ಬಳಕೆಯಲ್ಲಿರುವ ಹಳೇ ಲೈಬ್ರರಿಯನ್ನು ಅಳಿಸದೆ ಉಳಿಸಿಕೊಂಡು, ಅದನ್ನು ನೆಚ್ಚಿದವರೆಲ್ಲ ಮತ್ತೆ ಕಂಪೈಲ್ ಆದ ಮೇಲಷ್ಟೇ ತೆಗೆಯುವುದನ್ನು ಪೋರ್ಟೇಜ್ ಕೂಡ ಕಲಿಯಿತು. ಹಾಗಂತ ಕಾಟ ಮುಗಿಯಿತು ಎಂದಲ್ಲ. 2020ರ ಜಿಸಿಸಿ 10 ಮತ್ತು 2024ರ ಜಿಸಿಸಿ 14, ಹಿಂದೆ ಕಂಡೂ ಕಾಣದಂತೆ ಬಿಡುತ್ತಿದ್ದ ಸಿ ಭಾಷೆಯ ಸಡಿಲ ಬರವಣಿಗೆಗಳನ್ನು ತಪ್ಪು ಎಂದು ತಿರಸ್ಕರಿಸಿದವು. ಎಷ್ಟೋ ಹಳೇ ಆಕರಗಳು ಕಂಪೈಲ್ ಆಗದೆ ನಿಂತು, ಅವಕ್ಕೆಲ್ಲ ತೇಪೆ ಹಚ್ಚಬೇಕಾಯಿತು. 2023ರ ಡಿಸೆಂಬರ್ 29ರಂದು ಜೆಂಟೂ ತಾನೇ ತಯಾರಾದ ಬೈನರಿ ಪ್ಯಾಕೇಜುಗಳನ್ನೂ ವ್ಯಾಪಕವಾಗಿ ಕೊಡುವುದಾಗಿ ಘೋಷಿಸಿತು. ಬೇಕಾದವರು ಈಗ ಅಲ್ಲೂ ತಯಾರಾದ ಊಟ ಮಾಡಬಹುದು.

ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. "ಎಲ್ಲವನ್ನೂ ಆಕರದಿಂದಲೇ ಕಟ್ಟಿದ್ದೇನೆ" ಅಂತ ಆಗ ಮೀಸೆ ತಿರುವುತ್ತಿದ್ದೆನಲ್ಲ, ಅದು ನಿಜವೇ? ಜೆಂಟೂದ ಮೊದಲ ಕಂತಿನ ಕಡತದಲ್ಲೂ ಯಾರೋ ಮೊದಲೇ ಕಂಪೈಲ್ ಮಾಡಿಟ್ಟ ಜಿಸಿಸಿ ಇರುತ್ತಿತ್ತು. ಅದನ್ನು ನಾನು ಓದಿ ನೋಡಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ 1984ರಲ್ಲಿ ಅಚ್ಚಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿದ್ದು ಇದನ್ನೇ. ಕಂಪೈಲರ್‌ನ ಬೈನರಿಯಲ್ಲಿ ಒಂದು ಕಳ್ಳಬಾಗಿಲು ಇಟ್ಟು, ಆಕರದಿಂದ ಅದರ ಸುಳಿವು ಅಳಿಸಿಬಿಟ್ಟರೂ, ಆ ಕಂಪೈಲರ್ ತನ್ನ ಮುಂದಿನ ತಲೆಮಾರಿಗೆ ಆ ಬಾಗಿಲನ್ನು ಇಳಿಸುತ್ತಲೇ ಹೋಗುತ್ತದೆ. ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟು ಶುದ್ಧವಾಗಿದ್ದರೇನು?

ಇದಕ್ಕೆ ಉತ್ತರ ಹುಡುಕುವವರೂ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಗ್ನೂ ಗೀಕ್ಸ್ ಯೋಜನೆಯವರು ಬರೀ 357 ಬೈಟಿನ ಒಂದು ಬೀಜದಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಪೂರ್ತಿ ವ್ಯವಸ್ಥೆ ಕಟ್ಟಿದ್ದಾಗಿ ತಿಳಿಸಿದರು. 357 ಬೈಟು ಅಂದರೆ ಮನುಷ್ಯನೊಬ್ಬ ಕೂತು ಒಂದೊಂದಾಗಿ ಓದಬಹುದಾದಷ್ಟು. ಕಟ್ಟುವ ಕೆಲಸ ನಡೆಸಲು ಒಂದು ಲಿನಕ್ಸ್ ಕರ್ನೆಲ್ಲೂ, ಗೈಲ್ ಎಂಬ ತಯಾರಾದ ಪ್ರೋಗ್ರಾಮೂ ಅವರಿಗೆ ಬೇಕಾಯಿತು, ನಿಜ. ಆದರೂ ದೊಡ್ಡ ಹೆಜ್ಜೆ.

ಆ ಮೆಟ್ಟಿಲುಗಳಲ್ಲಿ ಏನಿದೆ ಗೊತ್ತೇ? ಬೀಜದಿಂದ ಒಂದು ಪುಟ್ಟ ಸಿ ಕಂಪೈಲರ್, ಅದರಿಂದ ಜಿಸಿಸಿ 2.95.3, ಅದರಿಂದ 4.6.4, ಆಮೇಲೆ ಇನ್ನೂ ಹೊಸದು. 2013ರ 4.8ರಿಂದ ಈಚೆಗೆ ಜಿಸಿಸಿಯನ್ನೇ ಸಿ++ನಲ್ಲಿ ಬರೆಯುತ್ತಿರುವುದರಿಂದ ಅದನ್ನು ಕಟ್ಟಲು ಸಿ++ ಕಂಪೈಲರೇ ಬೇಕು. ಪುಟ್ಟ ಸಿ ಕಂಪೈಲರ್‌ನಿಂದ ಅಷ್ಟು ಮೇಲಕ್ಕೆ ನೇರವಾಗಿ ಹಾರಲು ಆಗುವುದಿಲ್ಲ. ಆದ್ದರಿಂದ ನಾವೆಲ್ಲ ಬೈದು ಬಿಟ್ಟಿದ್ದ 2.95 ಇವತ್ತು ನಡುವಿನ ಮೆಟ್ಟಿಲಾಗಿ ನಿಂತಿದೆ. ಅದರ ಆಕರವನ್ನು ಯಾರೂ ಎಸೆಯದೆ ಇಟ್ಟುಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು.

ಮೂರು ಅಡಿಗೆರೆಯ ಆ ಪುಟವನ್ನು ಹರಿಯದೆ ನೋಟ್‌ಬುಕ್ಕನ್ನು ಮತ್ತೆ ಪೆಟ್ಟಿಗೆಗೆ ಹಾಕಿದ್ದೇನೆ. ನಿಮ್ಮಲ್ಲೂ ಯಾರಾದರೂ ರಾತ್ರಿಯಿಡೀ ಪರದೆಯ ಮೇಲೆ ಓಡುವ ಸಾಲುಗಳನ್ನು ನೋಡುತ್ತ ಕೂತವರಿದ್ದರೆ ನಿಮ್ಮ ಪುರಾಣವನ್ನೂ ಬರೆಯಿರಿ. ಓದಲು ನಾನಂತೂ ಸಿದ್ಧ :-)