ಸೂಜಿಯಿಂದ ವೈಸ್‌ವರೆಗೆ: ಗಾಳಕ್ಕೆ ಗರಿ ಕಟ್ಟುವವರ ಅಗ್ಗದ ಸಲಕರಣೆಗಳು

ಗಾಳ ಅಂದ ಕೂಡಲೇ ನಮಗೆ ನೆನಪಾಗೋದು ಬಿದಿರಿನ ಕೋಲು, ನೈಲಾನ್ ದಾರ, ತುದಿಯಲ್ಲಿ ಎರೆಹುಳು. ಆದರೆ ಎರೆಹುಳುವನ್ನು ಮುಟ್ಟದೆ, ಕೊಕ್ಕೆಗೆ ಗರಿ, ಉಣ್ಣೆ, ರೇಷ್ಮೆ ದಾರ ಸುತ್ತಿ ಅದನ್ನೇ ಹುಳು ಅಂತ ನಂಬಿಸಿ ಮೀನಿಗೆ ಟೋಪಿ ಹಾಕುವ ದೊಡ್ಡ ಪರಂಪರೆಯೊಂದು ಯೂರೋಪು, ಅಮೆರಿಕಗಳಲ್ಲಿದೆ. ಹಾಗೆ ಕಟ್ಟಿದ್ದಕ್ಕೆ ಫ್ಲೈ ಅಂತಾರೆ. ಕೊಕ್ಕೆಯ ಕುತ್ತಿಗೆಗೆ ಸೀಸದ ತಲೆ ಎರಕ ಹೊಯ್ದು, ಅದರ ಹಿಂದೆ ಜಿಂಕೆ ಬಾಲದ ಕೂದಲು ಕಟ್ಟಿದರೆ ಅದು ಜಿಗ್.

ಇದನ್ನು ಕಟ್ಟಲು ಶುರು ಮಾಡುವವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಕಡಿಮೆ ದುಡ್ಡಲ್ಲಿ ಯಾವ ಸಲಕರಣೆ ತಗೊಳ್ಳೋದು? ನನಗೆ ಈ ಪ್ರಶ್ನೆಯಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣ ಬೇರೆ. ದಶಕಗಳ ಕಾಲ ಈ ಹವ್ಯಾಸದಲ್ಲಿ 'ಮೇಡ್ ಇನ್ ಇಂಡಿಯಾ' ಅಂದರೆ ಕಲಿಯುವವರ ಅಗ್ಗದ ವೈಸ್ ಅಂತಲೇ ಅರ್ಥ. ಹೊಗಳಿಕೆಯ ಅರ್ಥದಲ್ಲಿ ಅಲ್ಲ ಅನ್ನೋದು ಬೇರೆ ಹೇಳಬೇಕಿಲ್ಲ. ಈ ಹೆಸರು ಹೇಗೆ ಬಂತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ ಒಂದು ಸಾವಿರದ ಎಂಟುನೂರು ವರ್ಷ :-)

ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮಿನ ಏಲಿಯನ್ ಎಂಬ ಲೇಖಕ ಮ್ಯಾಸಿಡೋನಿಯಾದ ಆಸ್ಟ್ರೇಯಸ್ ನದಿಯ ಮೀನುಗಾರರ ಬಗ್ಗೆ ಬರೆದಿದ್ದಾನೆ. ಅಲ್ಲಿನ ಚುಕ್ಕೆ ಮೀನುಗಳು ನೀರಿನ ಮೇಲೆ ಹಾರುವ ಒಂದು ಹುಳುವನ್ನು ತಿನ್ನುತ್ತವೆ. ಆ ಹುಳುವನ್ನು ಕೈಯಲ್ಲಿ ಹಿಡಿದರೆ ಬಣ್ಣ ಹೋಗಿ ಹಾಳಾಗುತ್ತದೆ. ಅದಕ್ಕೇ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಮೇಣದ ಬಣ್ಣದ ಗರಿ ಸಿಕ್ಕಿಸುತ್ತಿದ್ದರಂತೆ. ಸಲಕರಣೆಯ ಪ್ರಸ್ತಾಪವೇ ಇಲ್ಲ.

ಸಲಕರಣೆಗಳ ನಿಜವಾದ ಪಟ್ಟಿ ಸಿಗೋದು 1496ರಲ್ಲಿ. ಆ ವರ್ಷ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿದ ಪುಸ್ತಕದಲ್ಲಿ ಗಾಳದ ಮೀನುಗಾರಿಕೆಯ ಮೇಲೆ ಒಂದು ಪ್ರಬಂಧ ಇದೆ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದು ಅಂತ ಹೇಳುವ ರೂಢಿ, ವಿದ್ವಾಂಸರಿಗೆ ಆ ಬಗ್ಗೆ ಅನುಮಾನ ಇದೆ. ಇರಲಿ. ಅದರಲ್ಲಿ 12 ಬಗೆಯ ಫ್ಲೈಗಳ ವಿವರ ಇದೆ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಿಡಿಸಿದ್ದು ಕೊಕ್ಕೆ ಮಾಡುವ ಭಾಗ. ಆಗ ಅಂಗಡಿಯಲ್ಲಿ ಕೊಕ್ಕೆ ಕೊಳ್ಳುವ ಮಾತಿಲ್ಲ, ನೀವೇ ಮಾಡಿಕೊಳ್ಳಬೇಕು. ಬೇಕಾಗುವ ವಸ್ತು ಸೂಜಿ. ಚಿಕ್ಕ ಕೊಕ್ಕೆಗೆ ಸಣ್ಣ ಉಕ್ಕಿನ ಸೂಜಿ, ಸ್ವಲ್ಪ ದೊಡ್ಡದಕ್ಕೆ ಕಸೂತಿಯವರ ಸೂಜಿ, ಇನ್ನೂ ದೊಡ್ಡ ಮೀನಿಗೆ ದರ್ಜಿಯ ಅಥವಾ ಚಮ್ಮಾರನ ಸೂಜಿ. ಜೊತೆಗೆ ಅರ, ಚಾಕು, ಇಕ್ಕಳ, ಪುಟ್ಟ ಸುತ್ತಿಗೆ, ಪುಟ್ಟ ಅಡಿಗಲ್ಲು. ಸೂಜಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಣಿಯಲು ಬಿಡಬೇಕು, ಆಗ ಅದು ಮೆತ್ತಗಾಗುತ್ತದೆ. ಚಾಕುವಿನಿಂದ ಮುಳ್ಳು ಎಬ್ಬಿಸಿ, ಮೊನೆ ಮಾಡಿ, ಬಗ್ಗಿಸಬೇಕು. ಆಮೇಲೆ ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ.

ಇದನ್ನೇ ನಮ್ಮ ಮೆಕ್ಯಾನಿಕಲ್ ಹುಡುಗರು ಹೀಟ್ ಟ್ರೀಟ್‌ಮೆಂಟ್ ಅಂತ ಒಂದಿಡೀ ಅಧ್ಯಾಯ ಓದುತ್ತಾರೆ. ಈ ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1676ರಲ್ಲಿ ಚಾರ್ಲ್ಸ್ ಕಾಟನ್, ಐಸಾಕ್ ವಾಲ್ಟನ್‌ನ ಪ್ರಸಿದ್ಧ ಪುಸ್ತಕಕ್ಕೆ ಎರಡನೇ ಭಾಗ ಬರೆದಾಗಲೂ ಫ್ಲೈ ಕಟ್ಟುವುದು ಬರಿಗೈಯಲ್ಲೇ. ಎಡಗೈಯ ಹೆಬ್ಬೆಟ್ಟು ಮತ್ತು ತೋರುಬೆರಳ ನಡುವೆ ಕೊಕ್ಕೆ ಹಿಡಿದು, ಬಲಗೈಯಲ್ಲಿ ರೇಷ್ಮೆ ಸುತ್ತುವುದು. ಅಷ್ಟು ಹೊತ್ತಿಗೆ ಕೊಕ್ಕೆ ಮಾತ್ರ ಅಂಗಡಿಗೆ ಬಂದಿತ್ತು. ಲಂಡನ್ನಿನ ಚಾರ್ಲ್ಸ್ ಕರ್ಬಿ ಹೆಸರಿನ ಕೊಕ್ಕೆಯ ಆಕಾರ ಇಂದಿಗೂ ಉಂಟು. ಮುಂದೆ ಸೂಜಿಗೆ ಹೆಸರಾದ ರೆಡಿಚ್ ಊರೇ ಕೊಕ್ಕೆಗೂ ಹೆಸರಾಯಿತು. ನಾರ್ವೆಯ ಮುಸ್ತಾದ್ ಕಂಪನಿ 1877ರಲ್ಲಿ ಕೊಕ್ಕೆ ಮಾಡುವ ಯಂತ್ರ ತಂದಮೇಲೆ ಅಡಿಗಲ್ಲು, ಸುತ್ತಿಗೆ ಎಲ್ಲ ಅಟ್ಟ ಸೇರಿದವು.

ವೈಸ್ ಬಳಕೆ ಹರಡಿದ್ದು 19ನೇ ಶತಮಾನದಲ್ಲಿ. ಮೇಜಿನ ಅಂಚಿಗೆ ಬಿಗಿದ ಪುಟ್ಟ ದವಡೆ ಕೊಕ್ಕೆಯನ್ನು ಕಚ್ಚಿ ಹಿಡಿದರೆ ಎರಡೂ ಕೈ ಖಾಲಿ. ಆದರೆ ಇದು ಅನಿವಾರ್ಯ ಅಂತ ತಿಳಿಯಬೇಡಿ. ಅಮೆರಿಕದ ಲೀ ವುಲ್ಫ್ (1905-1991) ವೈಸ್ ಇಲ್ಲದೆ ಬೆರಳಲ್ಲೇ ಕಟ್ಟುತ್ತಿದ್ದರು, ಅಕ್ಕಿಕಾಳಿಗಿಂತ ಚಿಕ್ಕದಾದ 28ನೇ ನಂಬರಿನ ಕೊಕ್ಕೆಗೂ!

ಅಮೆರಿಕದಲ್ಲಿ ವೈಸ್ ಅಂದರೆ ಬಹುಕಾಲ ಇಲಿನಾಯ್ ರಾಜ್ಯದ ಎಲ್ಜಿನ್ ಊರಿನ ಡಿ.ಎಚ್. ಥಾಂಪ್ಸನ್ ಕಂಪನಿಯ 'ಮಾಡೆಲ್ ಎ'. ಅದರ ಕೆಲಸ ಬಹಳ ಸರಳ. ಸೀಳಿದ ತುದಿಯ ಒಂದು ಉಕ್ಕಿನ ಸರಳು, ಅದರ ಹೊರಗೆ ಒಂದು ಕೊಳವೆ, ಹಿಂದೆ ಒಂದು ಹಿಡಿಕೆ. ಹಿಡಿಕೆ ಒತ್ತಿದರೆ ಸರಳು ಕೊಳವೆಯೊಳಗೆ ಹಿಂದಕ್ಕೆ ಸರಿದು, ಸೀಳಿದ ತುದಿಗಳು ಒಂದಕ್ಕೊಂದು ಒತ್ತಿ ಕೊಕ್ಕೆಯನ್ನು ಕಚ್ಚುತ್ತವೆ. ನಮ್ಮ ಮೆಕ್ಯಾನಿಕಲ್ ಪೆನ್ಸಿಲ್ ಸೀಸವನ್ನು ಹಿಡಿಯೋದೂ ಇದೇ ತತ್ವದ ಮೇಲೆ.

ಇಷ್ಟು ಸರಳ ವಸ್ತುವನ್ನು ಯಾರೂ ನಕಲು ಮಾಡದೆ ಇರ್ತಾರಾ? ಭಾರತದಲ್ಲಿ ಇದರ ನಕಲು ತಯಾರಾಗಿ, 'ಎಎ' ಅನ್ನುವ ಹೆಸರಿನಲ್ಲಿ ಕಲಿಯುವವರ ಕಿಟ್‌ಗಳ ಒಳಗೆ ಲೋಕವೆಲ್ಲ ಸುತ್ತಿತು. ಒಳ್ಳೆಯ ಅಮೆರಿಕನ್ ವೈಸ್‌ನ ಹತ್ತರಲ್ಲೊಂದು ಪಾಲು ಬೆಲೆಗೆ ವೈಸ್, ಕತ್ತರಿ, ಬಾಬಿನ್ ಎಲ್ಲ ಸಿಗುತ್ತಿತ್ತು. ನೋಡಲು ಮೂಲದಂತೆಯೇ ಇತ್ತು, ಹಿತ್ತಾಳೆಯ ಹೊಳಪೂ ಇತ್ತು. ದೂರು ಬಂದದ್ದು ದವಡೆಯ ಬಗ್ಗೆ. ಕೆಲವು ಮೆತ್ತಗಿದ್ದು ಕೊಕ್ಕೆಯೇ ದವಡೆಯಲ್ಲಿ ಗೀರು ಕೊರೆಯುತ್ತಿತ್ತು, ಕೆಲವು ಅತಿ ಗಟ್ಟಿಯಾಗಿ ಚಕ್ಕೆ ಏಳುತ್ತಿದ್ದವು. ಅಂದರೆ 1496ರ ಪುಸ್ತಕ ಸೂಜಿಗೆ ಹೇಳಿಕೊಟ್ಟ ಆ ಕಾಯಿಸಿ ಅದ್ದುವ ಹಂತ! ಆಕಾರವನ್ನು ನಕಲು ಮಾಡಬಹುದು, ಕಣ್ಣಿಗೆ ಕಾಣದ ಹದವನ್ನು ನಕಲು ಮಾಡೋದು ಕಷ್ಟ. ಇಂಜಿನಿಯರಿಂಗ್ ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಅರ ಉಜ್ಜಿದವರಿಗೆಲ್ಲ ಇದು ಗೊತ್ತು.

ಹಾಗಂತ ಆ ನಕಲುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಎಷ್ಟೋ ಜನ ಕಲಿತದ್ದು ಅದರಲ್ಲೇ. ಈಗಲೂ ಅಂಥ ವೈಸ್ ಕೊಳ್ಳುವವರು ಒಂದು ಪರೀಕ್ಷೆ ಮಾಡಬಹುದು. ಕೊಕ್ಕೆಯನ್ನು ಕಚ್ಚಿಸಿ ಅದರ ಕಣ್ಣಿನ ಮೇಲೆ ಹೆಬ್ಬೆರಳಿಂದ ಒತ್ತಿ. ಕೊಕ್ಕೆ ಬಾಗಬೇಕು, ದವಡೆಯಲ್ಲಿ ಜಾರಬಾರದು. ಇದರಲ್ಲಿ ಪಾಸಾದರೆ ಬೆಲೆ ಎಷ್ಟಾದರೇನು.

ಅಂದ ಹಾಗೆ ಈ ಲೋಕಕ್ಕೆ ನಮ್ಮ ಕಡೆಯಿಂದ ಹೋದದ್ದು ವೈಸ್ ಮಾತ್ರ ಅಲ್ಲ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಗೊತ್ತಲ್ಲ? ಅದರ ಹುಂಜದ ಕುತ್ತಿಗೆಯ ಗರಿಗಳ ಮೇಲೆ ಅರಗು ಹಚ್ಚಿದಂತೆ ಹೊಳೆಯುವ ಚುಕ್ಕೆಗಳಿವೆ. ಸಾಲ್ಮನ್ ಮೀನಿನ ಫ್ಲೈಗಳಿಗೆ ಬ್ರಿಟಿಷರು ಹಂಬಲಿಸಿದ್ದು ಈ ಗರಿಗೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ, ಭಾರತದ ಗಾಳಗಾರರು ಇಂದಿಗೂ ನೆನೆಯುವ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾದದ್ದು. ಕಾಡುಕೋಳಿ ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಹೊರದೇಶದವರು ಸಾಕಿದ ಹಕ್ಕಿಯ ಗರಿಯನ್ನೇ ಬಳಸಬೇಕು. ಗರಿಯ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ: 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಿಂದ ಫ್ಲೈ ಕಟ್ಟುವ ಹುಡುಗನೊಬ್ಬ 299 ಹಕ್ಕಿಗಳ ಚರ್ಮ ಕದ್ದ. ಸಲಕರಣೆಗಾಗಿ ಯಾರೂ ಮ್ಯೂಸಿಯಂಗೆ ಕನ್ನ ಹಾಕಿದ್ದನ್ನು ನಾನಂತೂ ಓದಿಲ್ಲ.

ಸಲಕರಣೆ, ಗುರು ಎರಡೂ ಇಲ್ಲದವರ ಕಥೆ ಇನ್ನೂ ಸೊಗಸು. 1920ರ ದಶಕದ ಕೊನೆಗೆ ನ್ಯೂಯಾರ್ಕ್ ರಾಜ್ಯದ ರಾಸ್ಕೋ ಊರಿನ ವಾಲ್ಟ್ ಡೆಟ್, ಆಗಿನ ಹೆಸರುವಾಸಿ ರೂಬ್ ಕ್ರಾಸ್ ಹತ್ತಿರ ಹೋಗಿ ಕಲಿಸಿ ಅಂದರು. ಕ್ರಾಸ್ ಆಗೋಲ್ಲ ಅಂದುಬಿಟ್ಟ. ಡೆಟ್, ಅವರ ಹೆಂಡತಿ ವಿನ್ನಿ ಮತ್ತು ಗೆಳೆಯ ಹ್ಯಾರಿ ಡಾರ್ಬಿ ಕ್ರಾಸ್‌ನ ಫ್ಲೈಗಳನ್ನೇ ತಂದು ಸುತ್ತು ಸುತ್ತಾಗಿ ಬಿಚ್ಚಿ ನೋಡಿ ಕಲಿತರು. ನಮ್ಮ ಕಡೆ ಇದಕ್ಕೆ ರಿವರ್ಸ್ ಇಂಜಿನಿಯರಿಂಗ್ ಅಂತಾರೆ. ಮುಂದೆ ಬಂದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಅವರ ಹೊಟ್ಟೆಪಾಡು ಈ ಕಸುಬಿನಿಂದಲೇ ನಡೆಯಿತು.

ಸ್ಯಾನ್ ಫ್ರಾನ್ಸಿಸ್ಕೋದ ಫ್ರ್ಯಾಂಕ್ ಮಾಟರೆಲ್ಲಿ ಮಾಡಿದ್ದು ಇನ್ನೊಂದು ಬಗೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಬಗ್ಗಿಸಿ ಕೊನೆಯ ಗಂಟು ಹಾಕುವ ಸಾಧನ ಮಾಡಿದರು. ಇಂದು ಅಗ್ಗದ ಕಿಟ್‌ಗಳಲ್ಲಿ ಬರುವ ಎಷ್ಟೋ ಗಂಟು ಸಾಧನಗಳು ಆ ವಿನ್ಯಾಸದ ಮಕ್ಕಳು, ಮೊಮ್ಮಕ್ಕಳು.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು, ದುಡ್ಡು ಹಾಕಬೇಕಾದದ್ದು ವೈಸ್‌ಗಲ್ಲ, ಬಾಬಿನ್ ಮತ್ತು ಕತ್ತರಿಗೆ. ಬಾಬಿನ್ ಅಂದರೆ ಹೊಲಿಗೆ ಯಂತ್ರದ್ದಲ್ಲ, ದಾರದ ಉರುಳೆಯನ್ನು ಹಿಡಿದು ಸಣ್ಣ ಕೊಳವೆಯ ಮೂಲಕ ದಾರ ಬಿಡುವ ಸಾಧನ. ಆ ಕೊಳವೆಯ ಬಾಯಿ ಒರಟಾಗಿದ್ದರೆ ದಾರ ಮತ್ತೆ ಮತ್ತೆ ತುಂಡಾಗುತ್ತದೆ, ಕಲಿಯುವವ ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾನೆ. ಬಾಯಿಗೆ ಪಿಂಗಾಣಿ ಹಾಕಿದ್ದು ಸ್ವಲ್ಪ ದುಬಾರಿ, ಆದರೆ ವ್ಯರ್ಥವಲ್ಲ. ಕತ್ತರಿ ಮೊನಚಾಗಿರಬೇಕು, ತಂತಿ ಕತ್ತರಿಸಲು ಹಳೆಯದೊಂದು ಬೇರೆ ಇರಲಿ. ಉಳಿದದ್ದಕ್ಕೆ ಅಂಗಡಿಗೆ ಹೋಗಲೇಬೇಕಿಲ್ಲ. ಗರಿ ಹಿಡಿಯುವ ಚಿಮುಟದ ಬದಲು ಎಲೆಕ್ಟ್ರಾನಿಕ್ಸ್ ಲ್ಯಾಬಿನ ಕ್ರೊಕೊಡೈಲ್ ಕ್ಲಿಪ್ಪು, ಅಂಟು ಹಚ್ಚಲು ಬಿರಡೆಗೆ ಚುಚ್ಚಿದ ಸೂಜಿ, ಸಾದಾ ಗಂಟಿಗೆ ಖಾಲಿ ಬಾಲ್‌ಪೆನ್ನಿನ ಕೊಳವೆ.

ಜಿಗ್ ಕಟ್ಟುವವರ ಲೆಕ್ಕ ಸ್ವಲ್ಪ ಬೇರೆ. ಕೊಕ್ಕೆ ದಪ್ಪ, ಹಾಗಾಗಿ ನಾಜೂಕು ದವಡೆ ಬೇಡ, ಬಲವಾದದ್ದು ಬೇಕು. ದೊಡ್ಡ ಜಿಗ್‌ಗಳಿಗೆ ಲಾಕ್ ಆಗುವ ಇಕ್ಕಳವನ್ನು ಮೇಜಿಗೆ ಬಿಗಿದುಕೊಂಡರೂ ನಡೆಯುತ್ತದೆ. ಅಗ್ಗದ ಆಸೆ ಇಲ್ಲಿ ತೊಂದರೆ ಕೊಡುವುದು ಸೀಸದ ವಿಷಯದಲ್ಲಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅಡುಗೆ ಒಲೆಯಲ್ಲೂ ಆಗಿಬಿಡುತ್ತದೆ. ಆಗುತ್ತದೆ ಅಂತ ದಯವಿಟ್ಟು ಅಡುಗೆಮನೆಯಲ್ಲಿ ಮಾಡಬೇಡಿ, ಹೊಗೆಯೂ ಧೂಳೂ ಮನೆಮಂದಿಗೆ ವಿಷ. ನದಿಗೆ ಬಿದ್ದ ಸೀಸದ ಗುಂಡು ನುಂಗಿ ಹಂಸಗಳು ಸತ್ತವು ಅಂತ ಬ್ರಿಟನ್ 1987ರಲ್ಲಿ ಗಾಳದ ಬಹುತೇಕ ಸೀಸದ ತೂಕಗಳನ್ನು ನಿಷೇಧಿಸಿತು. ಬದಲಿಗೆ ಬಂದ ಟಂಗ್‌ಸ್ಟನ್ ಸೀಸಕ್ಕಿಂತ ಒಂದೂಮುಕ್ಕಾಲು ಪಟ್ಟು ಸಾಂದ್ರ, ಆದರೆ 3400 ಡಿಗ್ರಿ ದಾಟದೆ ಕರಗೋದಿಲ್ಲ, ಕೊಂಡೇ ತರಬೇಕು. ಮನೆಯಲ್ಲೇ ಎರಕ ಹೊಯ್ಯಲೇಬೇಕು ಅನ್ನುವವರಿಗೆ ಉಳಿದದ್ದು ಬಿಸ್ಮತ್ ಮತ್ತು ತವರದ ಮಿಶ್ರಲೋಹ. 138 ಡಿಗ್ರಿಗೇ ಕರಗುತ್ತದೆ, ಆದರೆ ಸೀಸಕ್ಕಿಂತ ಹಗುರ, ಬೆಲೆ ಮಾತ್ರ ಭಾರ.