ದೌತಿ, ಕಲಂ ಮತ್ತು ದುಬೈ ಪೇಟೆ

ಚಿತ್ರ ಬರೆಯುವವರ ಮನೆಗೆ ಹೋದಾಗ ಗೋಡೆ ನೋಡುವುದಕ್ಕಿಂತ ಮೇಜಿನ ಡ್ರಾವರ್ ಎಳೆದು ನೋಡಿದರೆ ಅವರ ಮನಸ್ಸು ಬೇಗ ತಿಳಿಯುತ್ತದೆ. ಗೋಡೆಯ ಮೇಲೆ ಮೂರು ಚಿತ್ರಗಳಿದ್ದರೆ ಡ್ರಾವರಿನಲ್ಲಿ ಮೂವತ್ತು ಪೆನ್ನುಗಳಿರುತ್ತವೆ. ಎಲ್ಲದರ ಶಾಯಿಯೂ ಕಪ್ಪೇ, ಮೊನೆ ಮಾತ್ರ ಕೂದಲೆಳೆಯಿಂದ ಬೆಂಕಿಕಡ್ಡಿಯ ದಪ್ಪದವರೆಗೆ. ಒಮ್ಮೆಯೂ ನೀರು ಕಾಣದ ಕುಂಚಗಳು, ಮೊದಲ ಪುಟದಲ್ಲಿ ಹೆಸರು ಮತ್ತು ತಾರೀಕು ಮಾತ್ರ ಬರೆದಿಟ್ಟ ಸ್ಕೆಚ್ ಪುಸ್ತಕಗಳು. "ಇಂಥದ್ದೇ ಒಂದು ಇತ್ತಲ್ಲ?" ಎಂದು ಮನೆಯವರು ಕೇಳಿದರೆ, "ಇಲ್ಲ, ಇದು ಬೇರೆ ಥರದ್ದು" ಎಂಬ ಉತ್ತರ ಸದಾ ಸಿದ್ಧ.

ಊರಿನಲ್ಲಿ ಈ ಚಾಳಿಗೆ ಅಂಗಡಿಯೇ ಒಂದು ಮಿತಿ ಹಾಕುತ್ತಿತ್ತು. ಪೇಟೆಯ ಪುಸ್ತಕದ ಅಂಗಡಿಯಲ್ಲಿ ಚೀನಾದ ಹೀರೋ ಪೆನ್ನು, ಕ್ಯಾಮಲ್ ಬಣ್ಣದ ಡಬ್ಬಿ, ಮೂರೋ ನಾಲ್ಕೋ ಬಗೆಯ ಕುಂಚ. ಅಲ್ಲಿಗೆ ಆಸೆ ಮುಗಿಯಿತು. ದುಬೈಯಲ್ಲಿ ಆ ಬೇಲಿ ಇಲ್ಲ. 2008ರಲ್ಲಿ ದುಬೈ ಮಾಲಿನಲ್ಲಿ ತೆರೆದ ಜಪಾನಿನ ಕಿನೊಕುನಿಯಾ ಪುಸ್ತಕದಂಗಡಿಗೆ ಓದುವ ಪುಸ್ತಕಕ್ಕೆಂದು ಹೋದವರು ಪೆನ್ನುಗಳ ಸಾಲಿನಲ್ಲಿ ಕಳೆದುಹೋಗುತ್ತಾರೆ. 1761ರಲ್ಲಿ ಜರ್ಮನಿಯಲ್ಲಿ ಶುರುವಾದ ಫೇಬರ್-ಕಾಸ್ಟೆಲ್‌ನ ಪೆನ್ಸಿಲು ಒಂದು ಕಡೆ, ಸಕುರಾ ಕಂಪನಿ 1982ರಲ್ಲಿ ಹೊರತಂದ, ಒಣಗಿದ ಮೇಲೆ ನೀರಿಗೆ ಕದಡದ ಶಾಯಿಯ ಪೆನ್ನು ಇನ್ನೊಂದು ಕಡೆ. ಅಷ್ಟು ದುಡ್ಡು ಕೊಡಲಾಗದಿದ್ದರೆ 2004ರಿಂದ ಡ್ರಾಗನ್ ಮಾರ್ಟ್ ಇದೆ. ಅದೂ ಬೇಡವೆಂದರೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿ ಹತ್ತಿ ಕ್ರೀಕ್ ದಾಟಿದರೆ ದೇರಾದ ಸಗಟು ಅಂಗಡಿಗಳು.

ಇಲ್ಲಿಯ ಹವೆಯೂ ಈ ಚಾಳಿಗೆ ಒತ್ತಾಸೆ ಕೊಡುತ್ತದೆ. ಬಯಲಲ್ಲಿ ಕೂತು ಚಿತ್ರ ಬರೆಯಲು ಸಿಗುವುದು ನವೆಂಬರಿನಿಂದ ಮಾರ್ಚಿಯವರೆಗಿನ ನಾಲ್ಕೈದು ತಿಂಗಳು. ಮೇ ತಿಂಗಳಲ್ಲಿ ಅಲ್ ಫಹೀದಿಯ ಗಾಳಿಗೋಪುರಗಳ ಎದುರು ಕೂತರೆ ಕಾಗದದ ಮೇಲಿಟ್ಟ ಜಲವರ್ಣ ಎರಡನೆಯ ಬಣ್ಣ ಕಲಸುವಷ್ಟರಲ್ಲಿ ಒಣಗಿರುತ್ತದೆ. ಉಳಿದ ಏಳೆಂಟು ತಿಂಗಳು ತಂಪಾಗಿರುವ ಜಾಗವೆಂದರೆ ಅಂಗಡಿ. ಬರೆಯುವ ಋತು ಚಿಕ್ಕದು, ಕೊಳ್ಳುವ ಋತು ದೊಡ್ಡದು.

ಇದನ್ನು ಮಾಲ್‌ಗಳ ಕಾಲದ ರೋಗ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬರವಣಿಗೆಯ ಸಾಮಾನಿನ ಮೋಹ ಈ ಕಡಲ ಎರಡು ದಡಗಳಲ್ಲೂ ಬಹಳ ಹಳೆಯದು, ಅದರ ಗುರುತು ನಮ್ಮ ಮಾತಿನಲ್ಲೇ ಇದೆ. ಅಜ್ಜಂದಿರು ಹೇಳುತ್ತಿದ್ದ ದೌತಿ ಅರಬ್ಬಿಯ ದವಾತ್. ಶಾಯಿ ಎಂಬುದು ಪಾರಸಿಯ ಸಿಯಾಹಿ, ಅಂದರೆ ಕಪ್ಪು. ಕಾಗದ ಪಾರಸಿಯ ಕಾಗಜ್. ಶ್ಯಾನುಭೋಗರ ದಫ್ತರ ಇಲ್ಲಿ ಶಾಲೆಯ ಮಕ್ಕಳ ಚೀಲದಲ್ಲಿ ನೋಟ್‌ಬುಕ್ಕಾಗಿ ಕೂತಿದೆ. ಅದನ್ನು ಅರಬ್ಬಿಯಲ್ಲಿ ದಫ್ತರ್ ಎಂದೇ ಕರೆಯುತ್ತಾರೆ. ನಮ್ಮ ವಕೀಲರು "ಕಲಂ 144" ಎನ್ನುವಾಗ ಅವರ ಬಾಯಲ್ಲಿರುವುದು ಅರಬ್ಬಿಯ ಲೇಖನಿ, ಗ್ರೀಕರ ಕಲಮೊಸ್ ಎಂಬ ಜೊಂಡಿನಿಂದ ಬಂದ ಪದ. ಲೆಕ್ಕ ಚುಕ್ತಾ ಆಗಲೆಂದೋ ಏನೋ, ನಾವೂ ಒಂದು ಕೊಟ್ಟಿದ್ದೇವೆ. ನಮ್ಮ ನೀಲಿ ಪಾರಸಿಯಲ್ಲಿ ನೀಲ್ ಆಗಿ, ಅರಬ್ಬಿ ಹೊಕ್ಕು, ಪೋರ್ಚುಗೀಸರ ಬಾಯಲ್ಲಿ ಅನಿಲ್ ಆಗಿ, ಕೊನೆಗೆ ರಸಾಯನಶಾಸ್ತ್ರದ ಅನಿಲೀನ್ ಆಯಿತು. ಅಬುಧಾಬಿಯಲ್ಲಿ 2017ರಲ್ಲಿ ತೆರೆದ ಲೂವ್ರ್ ಸಂಗ್ರಹಾಲಯದಲ್ಲಿ ನೀಲಿ ಕುರ್‌ಆನ್ ಎಂದು ಹೆಸರಾದ ಹಸ್ತಪ್ರತಿಯ ಒಂದು ಹಾಳೆ ಇದೆ, ಗಾಢ ನೀಲಿ ತೊಗಲಿನ ಮೇಲೆ ಚಿನ್ನದ ಅಕ್ಷರ. ಸಾವಿರ ವರ್ಷದ ಹಿಂದೆಯೂ ಬರೆಯುವವರಿಗೆ ಬರೇ ಬರೆದರೆ ಸಾಲುತ್ತಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಆದರೆ ಆಗಿನ ಮೋಹಕ್ಕೂ ಈಗಿನದಕ್ಕೂ ಒಂದು ಅಂತರವಿದೆ. ಆಗ ಸಾಮಾನು ಸಿದ್ಧ ಸಿಗುತ್ತಿರಲಿಲ್ಲ. ಅರಬ್ಬಿ ಲಿಪಿಕಾರರು ಇಂದಿಗೂ ಮೆಚ್ಚುವ ಜೊಂಡು ಕೊಲ್ಲಿಯ ಆಚೆ ದಡದ ಇರಾನಿನ ದೆಜ್‌ಫುಲ್ ಊರಿನದು. ಹಸಿ ಜೊಂಡನ್ನು ಕತ್ತರಿಸಿ ತಿಂಗಳುಗಟ್ಟಲೆ ಗೊಬ್ಬರದ ರಾಶಿಯಲ್ಲಿ ಹೂತಿಟ್ಟು ಗಟ್ಟಿ ಮಾಡುತ್ತಿದ್ದರು. ಅಲ್ಲಿಂದ ಮುಂದೆ ಮೊನೆ ಹೆರೆದುಕೊಳ್ಳುವುದು ಬರೆಯುವವನದೇ ಕೆಲಸ. ಬಾಗ್ದಾದಿನಲ್ಲಿ ಮೂರು ಬಾರಿ ವಜೀರನಾಗಿದ್ದ ಇಬ್ನ್ ಮುಕ್ಲ ಅಕ್ಷರಗಳಿಗೆ ಅಳತೆ ಗೊತ್ತುಮಾಡಿದಾಗ ಅಳತೆಗೋಲಾಗಿ ಹಿಡಿದದ್ದು ಆ ಮೊನೆಯನ್ನೇ. ಕಲಂ ಕಾಗದಕ್ಕೆ ಒತ್ತಿದಾಗ ಮೂಡುವ ಓರೆ ಚೌಕದ ಚುಕ್ಕೆ ಒಂದು ಮಾನ. ಅಕ್ಷರದ ಎತ್ತರ ಇಷ್ಟು ಚುಕ್ಕೆ ಎಂದು ಲೆಕ್ಕ. ಮೊನೆ ಕೆಟ್ಟರೆ ಅಳತೆಯೇ ಕೆಟ್ಟಿತು. ರಾಜಕೀಯದಲ್ಲಿ ಸೋತು ಬಲಗೈ ಕತ್ತರಿಸಿಕೊಂಡ ಆತ ಮೊಂಡುಗೈಗೆ ಕಲಂ ಕಟ್ಟಿಕೊಂಡು ಬರೆದನೆಂದು ಚರಿತ್ರಕಾರರು ಹೇಳುತ್ತಾರೆ. 940ರಲ್ಲಿ ಸೆರೆಮನೆಯಲ್ಲಿ ಸತ್ತ.

ನಮ್ಮ ಕಡೆಯೂ ಕತೆ ಬೇರೆಯಲ್ಲ. ಕಚೇರಿಯ ಫೈಲಿಗೆ ನಾವು ಇಂದು ಹೇಳುವ ಕಡತ ಮೂಲದಲ್ಲಿ ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿವೆ. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲ ಪೆನ್ಸಿಲು ಮಾಡಿಕೊಳ್ಳುತ್ತಿದ್ದರು. ಕುಂಚಕ್ಕೆ ಅಳಿಲಿನ ಕೂದಲು. ಅದಕ್ಕಿಂತ ಸೂಕ್ಷ್ಮ ಗೆರೆ ಬೇಕಾದರೆ ಒಂದು ಜಾತಿಯ ಹುಲ್ಲಿನ ಚೂಪು ತುದಿ. ಚಿನ್ನದ ರೇಕಿನ ಅಡಿಯ ಉಬ್ಬು ಲೇಪಕ್ಕೆ ಕಲಸುತ್ತಿದ್ದ ಗೋಂದು ಮಾತ್ರ ಹೊರಗಿನದು. ಸುಡಾನಿನ ಕಡೆಯ ಜಾಲಿ ಜಾತಿಯ ಮರದ ಅಂಟು ಅದು, ಅರಬ್ ವರ್ತಕರ ಕೈ ದಾಟಿ ಬರುತ್ತಿದ್ದುದರಿಂದ ಅರಬ್ಬೀ ಗೋಂದು. ಇಂದಿಗೂ ಒಳ್ಳೆಯ ಜಲವರ್ಣದ ಬಿಲ್ಲೆಯನ್ನು ಹಿಡಿದಿಟ್ಟಿರುವುದು ಅದೇ ಅಂಟು.

ಈ ಎಲ್ಲ ತಯಾರಿಯಲ್ಲಿ ಕೈ ಪಳಗುತ್ತಿತ್ತು. ಹುಲ್ಲು ಆಯುವವನ ಕಣ್ಣಲ್ಲಿ ಗೆರೆ ಆಗಲೇ ಮೂಡಿರುತ್ತಿತ್ತು. ಸಾಮಾನಿನ ಮೇಲಿನ ಪ್ರೀತಿ ಕೆಲಸದ ಒಂದು ಪಾಲೇ ಆಗಿತ್ತು, ಬೇರೆ ಖರ್ಚಲ್ಲ.

ಮಾಡಿಕೊಳ್ಳುವುದು ಬಿಟ್ಟು ಮಾಡಿಸಿಕೊಳ್ಳುವ ಆಸೆ ಮೊದಲು ಅರಸರದು. ಫಾತಿಮಿ ಖಲೀಫ ಅಲ್ ಮುಯಿಜ್‌ಗೆ (ಆಳಿಕೆ 953ರಿಂದ 975) ದೌತಿಯ ಹಂಗಿಲ್ಲದ ಲೇಖನಿ ಬೇಕೆನಿಸಿತು. ಶಾಯಿ ಒಳಗೇ ಇರಬೇಕು, ತಲೆಕೆಳಗು ಮಾಡಿದರೂ ಸೋರಬಾರದು, ಅಂಗಿ ಹಾಳಾಗಬಾರದು. ಕೆಲವೇ ದಿನಗಳಲ್ಲಿ ಕುಶಲಕರ್ಮಿಯೊಬ್ಬ ಚಿನ್ನದಲ್ಲಿ ಅಂಥದ್ದನ್ನು ಮಾಡಿ ತಂದ, ಶಾಯಿ ಸ್ವಲ್ಪ ಹೆಚ್ಚು ಬಂತೆಂದು ತಿದ್ದಿಸಿದರು ಎಂದು ಆಸ್ಥಾನದ ನ್ಯಾಯಾಧೀಶ ಅಲ್ ನುಮಾನ್ ಬರೆದಿಟ್ಟಿದ್ದಾನೆ. ಆ ಪೆನ್ನು ಉಳಿದಿಲ್ಲ. ಶಾಯಿ ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕೆಂಬ ಸೂತ್ರದ ಮೇಲೆ ನ್ಯೂಯಾರ್ಕಿನ ವಾಟರ್‌ಮನ್ ಪೇಟೆಂಟ್ ಪಡೆದದ್ದು 1884ರಲ್ಲಿ. ದುಬೈಯಿಂದ ಮಂಗಳೂರಿಗೆ ವಿಮಾನ ಹತ್ತುವ ಇಂಕ್ ಪೆನ್ನಿನವರಿಗೆ ಖಲೀಫನ ಚಿಂತೆ ಇನ್ನೂ ಹೊಸದೇ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಪೆನ್ನಿನೊಳಗಿನ ಗಾಳಿ ಹಿಗ್ಗುತ್ತದೆ, ಶಾಯಿಯನ್ನು ಜೇಬಿಗೆ ತಳ್ಳುತ್ತದೆ. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಬರಿದು ಮಾಡಿ, ಮೊನೆ ಮೇಲಾಗಿಟ್ಟುಕೊಂಡು ಹೋಗಿ.

ಸಾಮಾನ್ಯ ಚಿತ್ರಗಾರರನ್ನು ಗಿರಾಕಿಗಳನ್ನಾಗಿ ಮಾಡಿದ್ದು ಒಂದು ತಗಡಿನ ನಳಿಗೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಹಿಸುಕುವ ಲೋಹದ ಟ್ಯೂಬು ತಂದ ಮೇಲೆ ಬಣ್ಣ ಅರೆಯುವ ಕಲ್ಲು ಮೂಲೆ ಸೇರಿತು. ನಮ್ಮಲ್ಲಿ 1931ರಲ್ಲಿ ಮುಂಬೈಯ ದಾಂಡೇಕರರು ಶುರುಮಾಡಿದ ಶಾಯಿಯ ವ್ಯಾಪಾರ ಕ್ಯಾಮ್ಲಿನ್ ಆಗಿ ಬೆಳೆದು, ಕನ್ನಡದ ಮಕ್ಕಳು ನಿಜವಾದ ಒಂಟೆ ಕಾಣುವ ಮೊದಲೇ ಬಣ್ಣದ ಡಬ್ಬಿಯ ಮೇಲೆ ಒಂಟೆ ಕಂಡರು. ಅಲ್ ಐನ್ ದಾರಿಯಲ್ಲಿ ಒಂಟೆ ಕಂಡಾಗಲೆಲ್ಲ ನನಗೆ ಆ ಡಬ್ಬಿಯ ಗೋಂದಿನ ವಾಸನೆ ಬರುತ್ತದೆ. ಹಾಗೆಯೇ, ಅಂಗಡಿಯಲ್ಲಿ ಒಂಟೆ ಕೂದಲಿನದೆಂದು ಮಾರುವ ಕುಂಚದಲ್ಲಿ ಒಂಟೆಯ ಒಂದು ಕೂದಲೂ ಇರುವುದಿಲ್ಲ. ಹೆಚ್ಚಾಗಿ ಅದೇ ನಮ್ಮ ಮೈಸೂರಿನ ಅಳಿಲು.

ಇಷ್ಟೆಲ್ಲ ಸಾಮಾನು ದುಬೈಗೇ ಏಕೆ ಬಂದು ಬಿದ್ದಿತು ಎಂಬುದಕ್ಕೆ ಕಲೆ ಕಾರಣವಲ್ಲ, ಸುಂಕ ಕಾರಣ. 20ನೇ ಶತಮಾನದ ಆರಂಭದಲ್ಲಿ ಇಲ್ಲಿಯ ಅರಸರು ಸುಂಕ ತೆಗೆದುಹಾಕಿ ಇರಾನ್ ಕರಾವಳಿಯ ವರ್ತಕರನ್ನು ಸೆಳೆದರು. ತರಿಸಿ, ಬೇರೆಡೆಗೆ ಕಳಿಸುವುದೇ ಊರಿನ ಕಸುಬಾಯಿತು. 1909ರಲ್ಲಿ ಇಲ್ಲಿ ತೆರೆದ ಅಂಚೆ ಕಚೇರಿ ಭಾರತದ ಅಂಚೆ ಇಲಾಖೆಯದು. ಲಕೋಟೆಯ ಮೇಲೆ ಭಾರತದ ಅಂಚೆಚೀಟಿ. 1966ರವರೆಗೆ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ. 1979ರಲ್ಲಿ ಜೆಬೆಲ್ ಅಲಿ ಬಂದರು ಬಂದ ಮೇಲೆ ಜಪಾನಿನ ಪೆನ್ನಿಗೂ ಜರ್ಮನಿಯ ಪೆನ್ಸಿಲಿಗೂ ಇದು ನಡುದಾರಿಯ ತಂಗುದಾಣ.

ಈ ಪೇಟೆಯನ್ನು ಕಲಾವಿದನ ಕಣ್ಣಿನಿಂದ ಎಲ್ಲರಿಗಿಂತ ಚೆನ್ನಾಗಿ ಕಂಡವರು ಹಸನ್ ಶರೀಫ್ (1951-2016). ಎಮಿರೇಟ್ಸಿನ ಹೊಸ ಕಲೆಯ ಚರಿತ್ರೆ ಬರೆಯುವವರು ಅವರಿಂದಲೇ ಆರಂಭಿಸುತ್ತಾರೆ. 1970ರ ದಶಕದಲ್ಲಿ ಅವರು ವ್ಯಂಗ್ಯಚಿತ್ರಕಾರ. ಎಣ್ಣೆಯ ಹಣದಲ್ಲಿ ಎದ್ದೆದ್ದು ನಿಲ್ಲುತ್ತಿದ್ದ ಊರನ್ನು ಪೆನ್ನು ಶಾಯಿಯಲ್ಲಿ ಚುಚ್ಚುತ್ತಿದ್ದವರು. 1980ರಲ್ಲಿ ಎಮಿರೇಟ್ಸ್ ಲಲಿತಕಲಾ ಸಂಘದ ಸ್ಥಾಪಕರಲ್ಲಿ ಒಬ್ಬರಾಗಿ, 1984ರಲ್ಲಿ ಲಂಡನ್ನಿನ ಬಯಮ್ ಶಾ ಕಲಾಶಾಲೆಯ ಓದು ಮುಗಿಸಿ ಮರಳಿದಾಗ ಅವರು ಹೋದದ್ದು ಬಣ್ಣದ ಅಂಗಡಿಗಲ್ಲ, ಸಂತೆಗೆ. ರಬ್ಬರ್ ಚಪ್ಪಲಿ, ಹಗ್ಗ, ತಂತಿ, ರಟ್ಟು, ಅಗ್ಗದ ಬಟ್ಟೆ ಹೀಗೆ ನಮ್ಮ ಕಾರ್ಮಿಕರು ರಜೆಯ ದಿನ ಕೊಳ್ಳುವ ಸಾಮಾನನ್ನೇ ಅವರು ರಾಶಿ ರಾಶಿ ಕೊಂಡರು. ಮನೆಗೆ ತಂದು ಕತ್ತರಿಸಿ, ಗಂಟು ಹಾಕಿ, ಹೊಸೆದು, ಗುಡ್ಡೆ ಹಾಕಿದರು. ಒಂದೇ ಗಂಟನ್ನು ನೂರಾರು ಸಲ. ನೋಡಿದವರು ಇದೇನು ಕಲೆ ಎಂದರು. ಅವರು ಗಂಟು ಹಾಕುತ್ತಲೇ ಇದ್ದರು. 2016ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷದ ವೆನಿಸ್ ಬಿನಾಲೆಯಲ್ಲಿ ಅವರ ಸ್ಟುಡಿಯೋದ ಸರಕನ್ನು ಕಪಾಟುಗಳಲ್ಲಿ ಜೋಡಿಸಿಟ್ಟ ಕೃತಿಯ ಹೆಸರಿನಲ್ಲಿ 'ಸೂಪರ್‌ಮಾರ್ಕೆಟ್' ಎಂಬ ಮಾತಿತ್ತು.

ಕೊಳ್ಳುವ ಚಟದಲ್ಲಿ ಅವರು ನಮಗಿಂತ ಕಡಿಮೆಯವರಲ್ಲ. ವ್ಯತ್ಯಾಸ ಇರುವುದು ಸಾಮಾನಿನಲ್ಲಿ. ಇನ್ನೂರು ದಿರ್ಹಮ್‌ನ ಪೆನ್ನು ಕೊಳ್ಳುವಾಗ ಅದು ಒಂದು ಮಾತು ಕೊಡುತ್ತದೆ, ನನ್ನಿಂದ ನಿನ್ನ ಗೆರೆ ಸುಧಾರಿಸುತ್ತದೆ ಎಂದು. ಐದು ದಿರ್ಹಮ್‌ನ ಚಪ್ಪಲಿ ಏನನ್ನೂ ಹೇಳುವುದಿಲ್ಲ. ಅದಕ್ಕೆ ಏನಾದರೂ ಆಗಬೇಕಿದ್ದರೆ ಕೊಂಡವರ ಕೈಯಿಂದಲೇ ಆಗಬೇಕು. ಹುಲ್ಲು ಆಯುತ್ತಿದ್ದ ಮೈಸೂರಿನವರ ಕೆಲಸವನ್ನು ಶರೀಫರು ದೇರಾದ ಸಂತೆಯಲ್ಲಿ ಮತ್ತೆ ಹಿಡಿದುಕೊಂಡರು ಎಂದು ನನ್ನ ಓದು. ಖೋರ್ ಫಕ್ಕಾನಿನ ಅಬ್ದುಲ್ಲಾ ಅಲ್ ಸಾದಿಯವರದೂ ಇಂಥದ್ದೇ ದಾರಿ. ಊರೂರು ಅಲೆದು, ಉದ್ದನೆಯ ಸುರುಳಿಗಳ ಮೇಲೆ ಚಿತ್ರ ಬರೆದು, ತಗಡಿನ ಡಬ್ಬಿಗಳಲ್ಲಿ ತುಂಬಿಡುತ್ತಾರೆ. 2024ರ ವೆನಿಸ್ ಬಿನಾಲೆಯಲ್ಲಿ ಎಮಿರೇಟ್ಸಿನ ಮಂಟಪ ಅವರದೇ ಆಗಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ ಇಡುವ ನಮ್ಮ ಮನೆಗಳವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಇಲ್ಲಿ ಲೆಕ್ಕಪತ್ರ, ಪೈಪು, ಕಾಂಕ್ರೀಟಿನ ಕೆಲಸದ ನಡುವೆ ಚಿತ್ರ ಬರೆಯುವ ಕನ್ನಡದವರು ಇಷ್ಟು ಕೊಳ್ಳುವುದೇಕೆ? ಎರಡು ಮೂರು ವರ್ಷಕ್ಕೊಮ್ಮೆ ನವೀಕರಿಸುವ ವೀಸಾದ ಮೇಲೆ ಬದುಕುವವರಿಗೆ ಎಲ್ಲ ಮುಖ್ಯ ಕೆಲಸಕ್ಕೂ ಒಂದೇ ಮುಹೂರ್ತ: ಊರಿಗೆ ಹೋದ ಮೇಲೆ. 2019ರಿಂದ ದೀರ್ಘಾವಧಿಯ ಗೋಲ್ಡನ್ ವೀಸಾ ಬಂದರೂ ನಮ್ಮಲ್ಲಿ ಬಹುಮಂದಿಗೆ ಅದು ದೂರದ ಮಾತು. ಕೆಲವರು ಆ ಮುಂದಿನ ದಿನಗಳಿಗಾಗಿ ಸೈಟು ಕೊಳ್ಳುತ್ತಾರೆ, ಕೆಲವರು ಚಿನ್ನ. ಚಿತ್ರಗಾರರು ಕಾಗದ ಕೊಳ್ಳುತ್ತಾರೆ. ನೂರು ಹಾಳೆಯ ಸ್ಕೆಚ್ ಪುಸ್ತಕ ಕೊಂಡವರು ನೂರು ಬಿಡುವಿನ ಬೆಳಗುಗಳನ್ನು ಮುಂಗಡ ಕೊಂಡ ಹಾಗೆ.

ಚಿನ್ನ ಕಾಯುತ್ತದೆ, ಕಾಗದ ಕಾಯುವುದಿಲ್ಲ. ಜಲವರ್ಣದ ಕಾಗದಕ್ಕೆ ಬಣ್ಣ ಕೂಡಲೇ ಇಂಗದಂತೆ ಸರಿಯ ಲೇಪ ಕೊಟ್ಟಿರುತ್ತಾರೆ. ತೇವ ತಗುಲಿದರೆ ಅದು ಕೆಡುತ್ತದೆ. ಇಪ್ಪತ್ತು ವರ್ಷ ಅಬುಧಾಬಿಯ ಏಸಿ ಕೋಣೆಯಲ್ಲಿ ಕಾಗದ ಕೂಡಿಟ್ಟಿದ್ದ ಸ್ನೇಹಿತರೊಬ್ಬರು ನಿವೃತ್ತರಾಗಿ, ಎರಡು ರಟ್ಟಿನ ಪೆಟ್ಟಿಗೆಗಳನ್ನು ಕಾರ್ಗೋದಲ್ಲಿ ಊರಿಗೆ ಕಳಿಸಿದರು. ಮನೆ ಕಟ್ಟುವ ಗಡಿಬಿಡಿಯಲ್ಲಿ ಪೆಟ್ಟಿಗೆ ಬಿಚ್ಚಲಾಗಲಿಲ್ಲ. ಕರಾವಳಿಯ ಒಂದು ಮಳೆಗಾಲ ಕಳೆದು ಬಿಚ್ಚಿದಾಗ ಫ್ರಾನ್ಸಿನ ಕಾಗದದ ಮೇಲೆ ಕಂದು ಚುಕ್ಕೆ. ಬಣ್ಣವಿಟ್ಟರೆ ಒರಟು ಹೀರುಕಾಗದದ ಹಾಗೆ ಕುಡಿದುಬಿಡುತ್ತದೆ. ಫೆಲ್ಟ್ ಮೊನೆಯ ಪೆನ್ನುಗಳಲ್ಲಿ ಅರ್ಧ ಒಣಗಿದ್ದವು.

ಈಗ ಅವರು ಮೊಮ್ಮಗಳ ಶಾಲೆಯ ಡ್ರಾಯಿಂಗ್ ಪುಸ್ತಕದ ಉಳಿದ ಹಾಳೆಗಳಲ್ಲಿ ಹತ್ತು ರೂಪಾಯಿಯ ಬಾಲ್ ಪೆನ್ನಿನಿಂದ ಮೀನು ಮಾರ್ಕೆಟ್ಟು, ಬಸ್ ಸ್ಟ್ಯಾಂಡು, ಯಕ್ಷಗಾನದ ಚೌಕಿ ಬರೆಯುತ್ತಾರೆ. ದಿನಕ್ಕೊಂದರಂತೆ ಫೋಟೋ ತೆಗೆದು ಕಳಿಸುತ್ತಾರೆ. ಅಬುಧಾಬಿಯಲ್ಲಿದ್ದಾಗ ಅವರು ಬರೆದ ಎಲ್ಲದಕ್ಕಿಂತ ಅವು ಚೆನ್ನಾಗಿವೆ. ಹಾಗೆಂದು ಹೇಳೋಣವೆಂದು ಕಳೆದ ವಾರ ಫೋನ್ ಮಾಡಿದೆ. ಹೊಗಳಿಕೆಯನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯೂ ಅವರಿಗಿರಲಿಲ್ಲ.

"ಅದಿರ್ಲಿ, ನೀವು ರಜೆಗೆ ಬರುವುದು ಯಾವಾಗ ಮಾರಾಯ್ರೆ? ದೇರಾದಲ್ಲಿ ಆ ಜಪಾನಿನ ಬ್ರಷ್ ಪೆನ್ನು ಸಿಗ್ತದಾ ನೋಡಿ. ಎರಡು ತನ್ನಿ. ಒಂದು ಇಟ್ಟುಕೊಳ್ಳಲಿಕ್ಕೆ."